ಕಲ್ಪನಾ ಬಗ್ಗೆ ನೀವು ಕಳಿಸಿದ ಲೇಖನಕ್ಕೆ ಉತ್ತರ

ನಮಸ್ಕಾರ,

ಮಿನುಗುತಾರೆ ಕಲ್ಪನಾ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಶುರು ಮಾಡಿರುವುದು ಕಲ್ಪನಾ ತೀರಿಕೊಂಡ 1979ರ ಮೇ ತಿಂಗಳ ಆ ರಾತ್ರಿಯಿಂದ. ಸಂಕೇಶ್ವರದ ಹತ್ತಿರದ ಗೋಟೂರು, ಪ್ರವಾಸಿ ಬಂಗಲೆ, ಒಳಗೆ ಕಲ್ಪನಾ ಏನೇನು ಯೋಚಿಸಿದರು ಅಂತ ಒಂದೂವರೆ ಪುಟ. ಅವರ ಮನಸ್ಸಿನೊಳಗಿನ ಮಾತು ನಿಮಗೆ ಯಾರು ಹೇಳಿದರು? ಆ ಪುಟ ತೆಗೆದುಬಿಡಿ. ಹೇಗೆ ಸತ್ತರು ಎಂಬ ವಿವರವೂ ಬೇಡ. ಅಂಥದೇ ಸಂಕಟದಲ್ಲಿ ಇರುವವರು ಓದುಗರಲ್ಲೂ ಇರುತ್ತಾರೆ. ಯಾರು ಕೈಕೊಟ್ಟರು, ಯಾರ ಜೊತೆ ಜಗಳ ಆಯಿತು ಎಂಬ ಗಾಳಿಮಾತನ್ನೂ ಬಿಡಿ. 36 ತುಂಬುವ ಮೊದಲೇ ಹೋದರು, ಆಗ ನಾಟಕ ಕಂಪನಿಯ ಜೊತೆ ಉತ್ತರ ಕರ್ನಾಟಕದಲ್ಲಿದ್ದರು. ಇಷ್ಟು ಸಾಕು.

‘ನಿರ್ದೇಶಕ ಪುಟ್ಟಣ್ಣ ಕಣಗಾಲ್ ದೂರವಾದ ಮೇಲೆ ಅವರ ಬಾಳು ಮುಗಿದೇ ಹೋಯಿತು’ ಅಂತ ಬರೆದಿದ್ದೀರಿ. ಇದು ಸರಿಯಲ್ಲ. ‘ಎರಡು ಕನಸು’ ಸಿನಿಮಾ ಬಂದದ್ದು 1974ರಲ್ಲಿ, ‘ಬಯಲುದಾರಿ’ 1976ರಲ್ಲಿ. ‘ಎರಡು ಕನಸು’ ಚಿತ್ರದಲ್ಲಿ ಗಂಡ ತಿರುಗಿಯೂ ನೋಡದ ಮನೆಯಲ್ಲಿ ಕಾಯುವ ಆ ಹೆಂಡತಿಯ ಪಾತ್ರ ಮರೆತುಬಿಟ್ಟಿರಾ?

ಇನ್ನು ನನಗೆ ಬೇಜಾರಾದ ಮಾತು. ‘ಶರಪಂಜರದ ಕಾವೇರಿಯೇ ಕಲ್ಪನಾ’ ಎಂದು ಮೂರು ಕಡೆ ಹೇಳಿದ್ದೀರಿ. ಆ ಸಿನಿಮಾದಲ್ಲಿ ಕಾವೇರಿಯ ಗೋಳು ಏನು? ಹೆರಿಗೆಯ ನಂತರ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬರುತ್ತಾಳೆ. ಆದರೂ ಮನೆಯವರು, ಅಕ್ಕಪಕ್ಕದವರು ಅವಳನ್ನು ಕಾಯಿಲೆಯ ಮೂಲಕವೇ ನೋಡುತ್ತಾರೆ. ನೀವು ಕಲ್ಪನಾಗೆ ಮಾಡಿರುವುದೂ ಅದನ್ನೇ ಅಲ್ವಾ? ಅವರ ನಗು, ಕೋಪ, ಹಟ ಎಲ್ಲದರಲ್ಲೂ ಸಾವಿನ ಸುಳಿವು ಹುಡುಕಿದ್ದೀರಿ. 1963ರ ‘ಸಾಕು ಮಗಳು’ ಚಿತ್ರದಿಂದ ಶುರುವಾದ ಒಬ್ಬ ನಟಿಯ ಅಷ್ಟು ವರ್ಷಗಳ ದುಡಿಮೆ ಅದರಲ್ಲಿ ಮುಚ್ಚಿಹೋಗಿದೆ. ‘ಬೆಳ್ಳಿಮೋಡ’ದ ಕೊನೆ ಇನ್ನೊಮ್ಮೆ ನೋಡಿ. ಆಸ್ತಿ ಕೈತಪ್ಪಿತು ಅಂತ ಬಿಟ್ಟುಹೋದವನು ಮತ್ತೆ ಮದುವೆಗೆ ಒಪ್ಪಿಕೊಂಡಾಗ ಇಂದಿರಾ ಒಲ್ಲೆ ಅನ್ನುತ್ತಾಳೆ. ಬರೀ ಅಳುವ ನಾಯಕಿ ಅಂತ ನೀವು ಕರೆದ ನಟಿಯ ಪಾತ್ರ ಅದು.

ನಿಮ್ಮ ಊರಿನ ಎಳೆಯನ್ನೂ ನೀವು ಹಿಡಿದಿಲ್ಲ. ಇಂದಿರಾ, ಕಾವೇರಿ ಇಬ್ಬರನ್ನೂ ಬರೆದವರು ಕಾದಂಬರಿಗಾರ್ತಿ ತ್ರಿವೇಣಿ. ಹುಟ್ಟಿದ್ದು ಮಂಡ್ಯದಲ್ಲಿ, ಮನಶ್ಶಾಸ್ತ್ರ ಓದಿದ್ದು ಮೈಸೂರಿನಲ್ಲಿ. ಕಲ್ಪನಾ ಸಿನಿಮಾಕ್ಕೆ ಬಂದ 1963ರಲ್ಲೇ ಅವರು ತೀರಿಕೊಂಡರು, ಅವರಿಗೂ 36 ಆಗಿರಲಿಲ್ಲ. ತೆರೆಯ ಮೇಲಿನ ತಮ್ಮ ಕಾವೇರಿಯನ್ನು ಅವರು ನೋಡಲೇ ಇಲ್ಲ. ‘ಎರಡು ಕನಸು’ ಕಾದಂಬರಿ ಬರೆದ ವಾಣಿ ಕೂಡ ನಮ್ಮ ಕಡೆಯವರೇ. ಈ ಹೆಂಗಸರು ಬರೆದದ್ದಕ್ಕೆ ಕಲ್ಪನಾ ದನಿ ಕೊಟ್ಟರು. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಆದರೆ ಆರನೇ ಪುಟದಲ್ಲಿ ನಾಲ್ಕೇ ಸಾಲು ಇವೆ, ನಿಮ್ಮ ದೊಡ್ಡಮ್ಮನ ಬಗ್ಗೆ. ಕಲ್ಪನಾ ಥರ ಉದ್ದ ತೋಳಿನ ರವಿಕೆ ಹೊಲಿಸಿಕೊಂಡು, ದೊಡ್ಡ ತುರುಬು ಕಟ್ಟಿ, ‘ಶರಪಂಜರ’ ನೋಡಲು ಮನೆಯಲ್ಲಿ ಹೇಳದೆ ಮೈಸೂರಿನ ಬಸ್ ಹತ್ತಿದ್ದು. ವಾಪಸ್ ಬಂದ ಮೇಲೆ ಬೈಸಿಕೊಂಡರೂ ಆ ರವಿಕೆಯನ್ನು ಬಿಡದೆ ಹಾಕಿಕೊಂಡಿದ್ದು. ಇಡೀ ಲೇಖನದಲ್ಲಿ ಜೀವ ಇರುವುದು ಇಲ್ಲೇ. ಮೊದಲು ಇದನ್ನು ಬರೆಯಿರಿ. ದೊಡ್ಡಮ್ಮನ ಹತ್ತಿರ ಕೂತು ಕೇಳಿ: ತೋಳಿಗೆ ಬಟ್ಟೆ ಜಾಸ್ತಿ ಬೇಕಾದಾಗ ಟೈಲರ್ ಏನಂದ? ದುಡ್ಡು ಎಲ್ಲಿಂದ ಬಂತು? ಜೊತೆಗೆ ಯಾರು ಹೋಗಿದ್ದರು? ಕಾವೇರಿಯನ್ನು ನೋಡಿ ಬಂದ ದಿನ ಮನೆಯಲ್ಲಿ ಯಾರ ಜೊತೆಗಾದರೂ ಆ ಬಗ್ಗೆ ಮಾತಾಡಿದರಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಡಿ, ತಿದ್ದಬೇಡಿ.

ಸಾವಿರದ ಇನ್ನೂರು ಪದ ಸಾಕು. ಆ ರವಿಕೆ ಹಾಕಿಕೊಂಡಿರುವ ಫೋಟೋ ಇದ್ದರೆ, ದೊಡ್ಡಮ್ಮನ ಒಪ್ಪಿಗೆ ಕೇಳಿ ಜೊತೆಗೆ ಕಳಿಸಿ.