ಉಸಿರಿನ ದಾರಿ ಸಿಗುವ ತನಕ ಬಳ್ಳಿಗೆ ಕತ್ತರಿಯಿಲ್ಲ

ಪ್ರಶ್ನೆ: ತಂಗಿಗೆ ಈಗ 29 ವಾರ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕುತ್ತಿಗೆಯ ಮುಂದೆ 6 ಸೆಂ.ಮೀ. ಗಂಟು ಕಂಡಿದೆ, ಗರ್ಭದ ನೀರೂ ಜಾಸ್ತಿಯಂತೆ. ಬಾಣಂತನಕ್ಕೆ ಮನೆಗೆ ಕರೆತಂದು ತೀರ್ಥಹಳ್ಳಿಯಲ್ಲೇ ಸಿಸೇರಿಯನ್ ಮಾಡಿಸಿದರೆ ಆಗದೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಬರೀ ಸಿಸೇರಿಯನ್ ಸಾಲದು. ಹೊಟ್ಟೆಯಲ್ಲಿರುವಷ್ಟು ದಿನ ಮಗುವಿಗೆ ಆಮ್ಲಜನಕ ಬರುವುದು ಮಾಸಿನಿಂದ. ಗಂಟಿನಿಂದ ಶ್ವಾಸನಾಳ ಒತ್ತಿಹೋಗಿದ್ದರೂ ಅದಕ್ಕೆ ಕೊರತೆಯಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಉಳಿಯುವುದು ಕೆಲವೇ ನಿಮಿಷ, ಅಷ್ಟರಲ್ಲಿ ಶ್ವಾಸನಾಳಕ್ಕೆ ಕೊಳವೆ ಹಾಕಲಾಗದಿದ್ದರೆ ಮಗು ಕೈತಪ್ಪುತ್ತದೆ.

‘ನೀರು ಜಾಸ್ತಿ’ ಎಂದದ್ದನ್ನು ಹಗುರವಾಗಿ ಬಿಡಬೇಡಿ. ಗಂಟು ಅನ್ನನಾಳ ಒತ್ತಿದರೆ ಮಗು ನೀರು ನುಂಗುವುದು ಕಡಿಮೆಯಾಗಿ ಹೀಗಾಗುತ್ತದೆ. ಪಕ್ಕದ ಶ್ವಾಸನಾಳವೂ ಒತ್ತಿರಬಹುದು. ಭ್ರೂಣದ ಎಂಆರ್‌ಐ ಮಾಡಿಸಿ. ಗಂಟು ನೀರಿನ ಚೀಲಗಳ ಲಿಂಫ್ಯಾಟಿಕ್ ಮಾಲ್‌ಫಾರ್ಮೇಶನ್ನೋ, ಸುಣ್ಣದ ಚುಕ್ಕೆಗಳಿರುವ ಗಟ್ಟಿ ಟೆರಟೋಮಾವೋ, ಶ್ವಾಸನಾಳ ಎತ್ತ ಸರಿದಿದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಟೆರಟೋಮಾ ತಲೆಯನ್ನು ಹಿಂದಕ್ಕೆ ಬಾಗಿಸಿ ಶ್ವಾಸನಾಳವನ್ನು ಮೇಲಕ್ಕೆಳೆಯುವುದರಿಂದ ಹೆಚ್ಚು ತ್ರಾಸ. ದಾರಿ ಸಲೀಸಾಗಿದ್ದರೆ, ಪರಿಣತರನ್ನು ಪಕ್ಕದಲ್ಲಿಟ್ಟುಕೊಂಡು ಸಾಮಾನ್ಯ ಹೆರಿಗೆಯನ್ನೂ ಯೋಚಿಸಬಹುದು.

ಶ್ವಾಸನಾಳ ಒತ್ತಿದ್ದರೆ ‘ಎಕ್ಸಿಟ್’ ಎಂಬ ವಿಧಾನ, ಅಂದರೆ ಮಾಸಿನಿಂದ ಆಮ್ಲಜನಕ ಬರುತ್ತಿರುವಾಗಲೇ ಮಗುವಿಗೆ ಉಸಿರಿನ ದಾರಿ ಮಾಡುವ ಸಿಸೇರಿಯನ್. ಸಾಮಾನ್ಯ ಸಿಸೇರಿಯನ್‌ನಲ್ಲಿ ಗರ್ಭಕೋಶ ಬೇಗ ಬಿಗಿಯಾಗಲಿ ಎಂದು ಬಯಸುತ್ತಾರೆ. ಇಲ್ಲಿ ಸಡಿಲವಾಗಿಯೇ ಇರಬೇಕು. ಬಿಗಿಯಾದರೆ ಮಾಸು ಕಳಚಿ ಆಮ್ಲಜನಕ ನಿಲ್ಲುತ್ತದೆ. ಅದಕ್ಕೇ ಬೆನ್ನಿನ ಸೂಜಿಯೊಂದೇ ಸಾಲದೆ, ತಾಯಿಗೆ ಸೆವೊಫ್ಲುರೇನ್‌ನಂಥ ಗಾಳಿಯ ಅರಿವಳಿಕೆಯನ್ನು ಜೋರಾಗಿ ಕೊಡುತ್ತಾರೆ. ಮಗುವಿನ ತಲೆ, ಭುಜ ಮಾತ್ರ ಹೊರತೆಗೆದು, ಒಳಗೆ ಬೆಚ್ಚಗಿನ ಸಲೈನ್ ಬಿಡುತ್ತಾರೆ. ಏಕೆಂದರೆ ಗರ್ಭಕೋಶದೊಳಗಿನ ಜಾಗ ಕುಗ್ಗಿದರೂ ಮಾಸು ಬಿಡಬಹುದು. ಮೊದಲು ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನಿಂದ 3 ಮಿ.ಮೀ. ಆಸುಪಾಸಿನ ಕೊಳವೆ, ಆಗದಿದ್ದರೆ ಗಟ್ಟಿ ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸುವ ಲೋಹದ ದರ್ಶಕ ನಳಿಕೆ), ಚೀಲದ ಗಂಟಾದರೆ ಸೂಜಿಯಿಂದ ನೀರು ಹೀರುವುದು, ಕೊನೆಗೆ ಟ್ರೆಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ದಾರಿ ಭದ್ರವಾಗಿ ಎದೆ ಏರಿಳಿದ ಮೇಲೇ ಬಳ್ಳಿಗೆ ಕತ್ತರಿ. ಒಂದು ಗಂಟೆಯವರೆಗೂ ಹೀಗೆ ಕಾಯಿಸಿದ್ದುಂಟು.

ತಾಯಿಗಿರುವ ಅಪಾಯ ರಕ್ತಸ್ರಾವ. ಸಡಿಲಗೊಂಡ ಗರ್ಭಕೋಶ ತಕ್ಷಣ ಬಿಗಿಯಾಗದೇ ಇರಬಹುದು. ಬಳ್ಳಿ ಕತ್ತರಿಸಿದ ಕೂಡಲೇ ಅರಿವಳಿಕೆ ಇಳಿಸಿ, ಗರ್ಭಕೋಶ ಬಿಗಿಗೊಳಿಸುವ ಆಕ್ಸಿಟೋಸಿನ್ ಕೊಡುತ್ತಾರೆ. ಹೊಂದಾಣಿಕೆ ನೋಡಿದ ರಕ್ತ ಮೊದಲೇ ಸಿದ್ಧವಿರಲಿ.

ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ: ನವಜಾತ ಶಿಶುವಿನ ಗಟ್ಟಿ ಬ್ರಾಂಕೋಸ್ಕೋಪ್ ಇದೆಯೇ, ಮಕ್ಕಳ ಶಸ್ತ್ರತಜ್ಞರೋ ಇಎನ್‌ಟಿಯವರೋ ಅದೇ ಕೊಠಡಿಯಲ್ಲಿ ಇರುತ್ತಾರೆಯೇ, ತಾಯಿಗೊಬ್ಬರು ಮಗುವಿಗೊಬ್ಬರು ಅರಿವಳಿಕೆ ತಜ್ಞರಿದ್ದಾರೆಯೇ? ತಡವರಿಸಿದರೆ ಮಣಿಪಾಲವೋ ಬೆಂಗಳೂರೋ ಎಂದು ಈಗಲೇ ನಿಶ್ಚಯಿಸಿ. ನೀರು ಜಾಸ್ತಿಯಿದ್ದವರಿಗೆ ದಿನ ತುಂಬುವ ಮೊದಲೇ ನೋವು ಬರುವುದುಂಟು. ಮಳೆಗಾಲದ ನಡುರಾತ್ರಿ ಬಾಳೆಬರೆ ಘಾಟಿ ಇಳಿಯುವ ಪರಿಸ್ಥಿತಿ ಬೇಡ. 34ನೇ ವಾರಕ್ಕೆ ಮುಂಚೆಯೇ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆ ಹಿಡಿಯಿರಿ, ತವರಿನ ಬಾಣಂತನ ಆಮೇಲಾಗಲಿ. ಅದಕ್ಕೂ ಮೊದಲೇ ನೋವು ಬಂದರೆ ಹತ್ತಿರದ ಆಸ್ಪತ್ರೆಗೇ ಹೋಗಿ, ಎಂಆರ್‌ಐ ವರದಿ ತೋರಿಸಿ, ಹೆರಿಗೆ ನೋವನ್ನು ಮುಂದೂಡುವ ಔಷಧ ಕೊಡಬಹುದೇ ಎಂದು ಅಲ್ಲಿಂದಲೇ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿಸಿ.