ಗುಜರಿಯಲ್ಲಿ ಸಿಕ್ಕಿದ ಆಕ್ಸಲ್: ಕವರ್ ಬಿಚ್ಚದೆ ದುಡ್ಡು ಕೊಡಬೇಡಿ

ಪ್ರಶ್ನೆ: ನಮಸ್ಕಾರ ಸರ್. ಹೆಬ್ರಿ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪನ ಕಾಲದ ಸಿಜೆ3ಬಿ ಜೀಪ್ ಇನ್ನೂ ಇದೆ. ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಹಿಂದಿನ ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಬೈಕಂಪಾಡಿ ಕಡೆ ಒಂದು ಗುಜರಿಯಲ್ಲಿ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೂ ಶಕ್ತಿ ಕೊಡುವ ವ್ಯವಸ್ಥೆ) ಇರುವ ಹಿಂದಿನ ಆಕ್ಸಲ್ ಇದೆ. ‘ಒಂದು ಚಕ್ರ ತಿರುಗಿಸಿದರೆ ಎರಡೂ ತಿರುಗುತ್ತದೆ, ಧೈರ್ಯವಾಗಿ ತಗೊಳ್ಳಿ’ ಅನ್ನುತ್ತಾರೆ. ನಾನು ಏನೇನು ನೋಡಬೇಕು?
— ಓದುಗರು, ಹೆಬ್ರಿ

ಉತ್ತರ: ಅವರು ಹೇಳಿದ ಪರೀಕ್ಷೆ ಸುಳ್ಳಲ್ಲ, ಆದರೆ ಅದು ಸಾಲದು. ಲಿಮಿಟೆಡ್ ಸ್ಲಿಪ್ ಒಳಗೆ ಕ್ಲಚ್ ಪ್ಲೇಟ್‌ಗಳ ಕಟ್ಟು ಇರುತ್ತದೆ. ಒಂದು ಘರ್ಷಣೆಯ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಹೀಗೆ ಒಂದರ ಮೇಲೊಂದು. ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ. ಪ್ಲೇಟ್ ಚೆನ್ನಾಗಿದ್ದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತದೆ, ನಿಜ. ಆದರೆ ಪ್ಲೇಟ್‌ಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೂ ಹಾಗೆಯೇ ತಿರುಗುತ್ತದೆ. ಯಾರೋ ಒಳಗಿನ ಗೇರ್‌ಗಳಿಗೆ ವೆಲ್ಡಿಂಗ್ ಹೊಡೆದಿದ್ದರೂ ಅಷ್ಟೇ! ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಹೊರಗೆ ಬಿದ್ದಿದ್ದ ಆಕ್ಸಲ್‌ಗೆ ತುಕ್ಕು ಹಿಡಿಯಲು ಬೇರೆ ಕಾರಣ ಬೇಡ.

ಆದ್ದರಿಂದ ಒಂದು ಹಬ್ (ಚಕ್ರ ಕೂರುವ ಭಾಗ) ಅಲ್ಲಾಡದಂತೆ ಕಟ್ಟಿ, ಪಿನಿಯನ್ (ಇಂಜಿನ್ ಕಡೆಯಿಂದ ಶಕ್ತಿ ತರುವ ಚಿಕ್ಕ ಗೇರ್) ತನ್ನಷ್ಟಕ್ಕೆ ತಿರುಗಲು ಬಿಡಿ, ಇನ್ನೊಂದು ಹಬ್ಬನ್ನು ಟಾರ್ಕ್ ರೆಂಚ್‌ನಿಂದ (ತಿರುಗಿಸುವ ಬಲ ಅಳೆಯುವ ಸ್ಪ್ಯಾನರ್) ಎಳೆಯಿರಿ. ಗಟ್ಟಿಯಾಗಿ ಹಿಡಿದು, ಆಮೇಲೆ ಒಂದೇ ಸಮ ತಿರುಗಬೇಕು. ಬರಿಗೈಯಲ್ಲಿ ಸಲೀಸಾಗಿ ತಿರುಗಿದರೆ ಪ್ಲೇಟ್ ಸವೆದಿದೆ. ಎಷ್ಟು ಎಳೆದರೂ ಜಗ್ಗದಿದ್ದರೆ ಅಂಟಿದೆ, ಇಲ್ಲವೇ ವೆಲ್ಡ್ ಆಗಿದೆ. ತಡೆತಡೆದು ಜಿಗಿಯುತ್ತಿದ್ದರೂ ಅನುಮಾನಪಡಿ. ಎಷ್ಟು ಟಾರ್ಕ್ ಬರಬೇಕೆಂದು ಆ ಆಕ್ಸಲ್‌ನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ನೋಡಿ.

ಇನ್ನು ಆಕ್ಸಲ್ ಮಧ್ಯದ ಗೇರ್‌ಗಳನ್ನು ಮುಚ್ಚುವ ಕವರ್. ಅಡಿಯಲ್ಲಿ ಬಕೆಟ್ ಇಟ್ಟು ಬಿಚ್ಚಿಸಿ. ಬಿಚ್ಚಲು ಬಿಡದ ಅಂಗಡಿಯಿಂದ ಎದ್ದು ಬನ್ನಿ ಮಾರಾಯ್ರೆ, ಆಮೇಲೆ ಮಾತೇ ಬೇಡ. ಆಯಿಲ್ ಹಾಲು ಹಾಕಿದ ಚಹಾದ ಹಾಗಿದ್ದರೆ ನೀರು ಹೋಗಿದೆ. ತುಂಬಾ ಸಲ ಬ್ರೀದರ್, ಅಂದರೆ ಆಕ್ಸಲ್‌ಗೆ ಗಾಳಿಯಾಡುವ ತೂತು, ಮಣ್ಣಿನಿಂದ ಕಟ್ಟಿಕೊಂಡಿರುತ್ತದೆ. ಬಿಸಿಯಾದ ಆಕ್ಸಲ್ ಹೊಳೆಯಲ್ಲಿ ಇಳಿದು ತಣ್ಣಗಾದಾಗ ಸೀಲ್‌ನಿಂದಲೇ ನೀರು ಎಳೆದುಕೊಳ್ಳುತ್ತದೆ. ತಳದಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಉಗುರಿಗೆ ಸಿಗುವ ಚೂರು ಇದ್ದರೆ ಮಾತ್ರ ಅದು ಎಲ್ಲಿಂದ ಬಂತು ಅಂತ ಹುಡುಕಲೇಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಉಡುಪಿಯಲ್ಲಿ ಗ್ಯಾರೇಜ್ ಹಾಕಿದ ಹೊಸದರಲ್ಲಿ ನಾನೂ ಮಾತು ನಂಬಿ, ಬಿಚ್ಚದೆ, ಒಬ್ಬರ ಜೀಪಿಗೆ ಇಂಥದ್ದೇ ಆಕ್ಸಲ್ ಹಾಕಿಕೊಟ್ಟೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಹಿಂದಿನಿಂದ ಕಟಕಟ ಸದ್ದು. ಮೊದಲು ಆಯಿಲ್ ಬದಲಿಸಿ ನೋಡಿದೆ. ಲಿಮಿಟೆಡ್ ಸ್ಲಿಪ್‌ಗೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ (ಆಯಿಲ್‌ಗೆ ಸೇರಿಸುವ ದ್ರವ) ಇಲ್ಲದಿದ್ದರೂ ತಿರುವಿನಲ್ಲಿ ಹಾಗೆ ಕಂಪಿಸುತ್ತದೆ. ಸದ್ದು ನಿಲ್ಲಲಿಲ್ಲ. ಪೂರ್ತಿ ಇಳಿಸಿ ಬಿಚ್ಚಿದರೆ ಪ್ಲೇಟ್‌ಗಳ ಕಿವಿ (ಅಂಚಿನ ಚಾಚು) ಮುರಿದು, ಆ ಚೂರುಗಳು ಬೇರಿಂಗ್‌ಗೂ ಹೋಗಿದ್ದವು. ಗಿರಾಕಿಯ ದುಡ್ಡು ನಾನೇ ವಾಪಸ್ ಕೊಟ್ಟೆ. ಅವತ್ತಿನಿಂದ ಕವರ್ ಬಿಚ್ಚದೆ ಒಂದೂ ಆಕ್ಸಲ್ ಹಾಕಿಲ್ಲ.

ಕವರ್ ತೆಗೆದಾಗಲೇ ಕ್ರೌನ್‌ನ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಎಲ್ಲ ಹಲ್ಲಿಗೂ ಟಾರ್ಚ್ ಬಿಟ್ಟು, ನಿಧಾನವಾಗಿ ತಿರುಗಿಸುತ್ತಾ ನೋಡಿ. ಗುಳಿ, ಗೀರು, ನೀಲಿ ಬಣ್ಣ ಇರಬಾರದು. ನೀಲಿ ಅಂದರೆ ಆಯಿಲ್ ಇಲ್ಲದೆ ಕಾದಿದೆ. ಪಿನಿಯನ್ ಫ್ಲೇಂಜ್ (ಪಿನಿಯನ್ನಿನ ಹೊರತುದಿಯ ತಟ್ಟೆ) ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ, ಪ್ಲೇ (ಸಡಿಲ) ಇರಲೇಬಾರದು. ಆಕ್ಸಲ್ ಶಾಫ್ಟ್ ಹೊರಗೆಳೆದು ಅದರ ತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲು) ಗೆರೆಗಳು ನೇರ ಇವೆಯಾ ನೋಡಿ. ಸ್ವಲ್ಪ ತಿರುಚಿದ್ದರೂ ಆ ಶಾಫ್ಟ್ ಬೇಡ. ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ.

ನಿಮ್ಮ ಜೀಪಿಗೆ ಇದೆಲ್ಲಕ್ಕಿಂತ ಮುಖ್ಯ ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತಬೇಕು ಎಂಬ ಲೆಕ್ಕ. ಸಿಜೆ3ಬಿಯದ್ದು 5.38, ಅಂದರೆ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಹಲ್ಲು ಎಣಿಸಿ. ಇಲ್ಲವೇ ಎರಡೂ ಹಬ್ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಪಿನಿಯನ್ ಎಷ್ಟು ಸುತ್ತಿತು ಅಂತ ಚಾಕ್ ಗುರುತು ಹಾಕಿ ನೋಡಿ. ಐದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಬರಬೇಕು. ಮುಂದಿನ ಆಕ್ಸಲ್‌ಗೆ ಹೊಂದದಿದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ. ಸ್ಪ್ರಿಂಗ್ ಕೂರುವ ಜಾಗಗಳ ಅಂತರ, ಹಬ್‌ನಿಂದ ಹಬ್‌ಗೆ ಅಗಲ, ಇವನ್ನು ಟೇಪ್ ಹಿಡಿದು ನಿಮ್ಮ ಹಳೆಯದಕ್ಕೆ ಹೋಲಿಸಿ.

ಹಾಕಿಸಿದ ಮೇಲೆ ಹಿಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತದ್ದು ಇರಲಿ. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಪ್ಲೇಟ್ ಉಜ್ಜುತ್ತಲೇ ಇರುತ್ತದೆ. ಇನ್ನೊಂದು, ದಯವಿಟ್ಟು ಮನೆಯವರಿಗೂ ಹೇಳಿ: ಹಿಂದಿನ ಒಂದೇ ಚಕ್ರ ಜಾಕ್ ಮೇಲೆತ್ತಿ, ಇಂಜಿನ್ ಚಾಲು ಮಾಡಿ, ಗೇರ್ ಹಾಕಬೇಡಿ. ಮೊದಲಿನ ಆಕ್ಸಲ್‌ನಲ್ಲಿ ಎತ್ತಿದ ಚಕ್ರ ಮಾತ್ರ ತಿರುಗುತ್ತಿತ್ತು. ಇದರಲ್ಲಿ ನೆಲದ ಮೇಲಿನ ಚಕ್ರವೂ ಎಳೆದು, ಜೀಪ್ ಜಾಕ್‌ನಿಂದ ಹಾರಿ ಮುಂದೆ ಹೋಗುತ್ತದೆ.