ಖಾಲಿ ಸ್ಟ್ರಿಪ್ ಮತ್ತು ಒಂದು ಅರ್ಜಿ

"ಆಪ್ತಸಲಹೆಗೆ ಬಂದವಳ ಕೈಯಲ್ಲಿ ಅರ್ಜಿ ಬರೆಸುವುದು ನಮ್ಮ ಕೆಲಸವಲ್ಲ" ಎಂದು ಸಹೋದ್ಯೋಗಿಯೊಬ್ಬರು ಹೇಳಿ ವರ್ಷವಾಗುತ್ತಾ ಬಂತು. ಆ ಮಾತು ಇನ್ನೂ ಚುಚ್ಚುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವಳನ್ನು ಜಲಜಾ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಉಡುಪಿ ಕಡೆಯವಳು, ವಯಸ್ಸು 26, ಇಬ್ಬರು ಮಕ್ಕಳು, ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ. ಗಂಡ ಆಳಸಮುದ್ರ ಬೋಟಿನಲ್ಲಿ ಹೋದರೆ ಹತ್ತು ದಿನ ಮನೆಗಿಲ್ಲ. ಆಗಸ್ಟ್ ಕೊನೆಯಲ್ಲಿ ಅವಳಿಗೆ ಆಸ್ಪತ್ರೆಯಲ್ಲಿ ಕಾನೂನುಬದ್ಧವಾಗಿಯೇ ಗರ್ಭಪಾತ ಮಾಡಿಸಲಾಗಿತ್ತು. ಆಮೇಲೆ ನಿದ್ದೆಯೇ ಇಲ್ಲ ಎಂದು ಆಶಾ ಕಾರ್ಯಕರ್ತೆ ಕರೆತಂದರು.

ಎರಡು ಭೇಟಿಗಳಲ್ಲಿಯೂ ಒಂದೇ ಮಾತು: "ತಪ್ಪು ನನ್ನದೇ ಮೇಡಂ, ಮಾತ್ರೆ ಸರಿಯಾಗಿ ತೆಗೆದುಕೊಳ್ಳಲಿಲ್ಲ." ನಾನು ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ರಾತ್ರಿಯ ದಿನಚರಿ ಬರೆಸಿದೆ. ಅವಳು ವಿಧೇಯಳಾಗಿ ಎಲ್ಲವನ್ನೂ ಮಾಡಿದಳು. ನಿದ್ದೆ ಮಾತ್ರ ಬರಲಿಲ್ಲ.

ಮೂರನೆಯ ಸಲ ಬಂದಾಗ ಚೀಲದಿಂದ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್‌ಗಳು. ಒಂದೊಂದು ಗುಳಿಯ ಹಿಂದೆಯೂ ಬಾಲ್‌ಪೆನ್ನಿನಲ್ಲಿ ತಾರೀಕು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಪ್ರತಿ ಭಾನುವಾರ ಒಂದು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟವಳು ತನ್ನನ್ನು ಬೇಜವಾಬ್ದಾರಿ ಎಂದುಕೊಂಡಿದ್ದಳು! ಬೆರಳಿಟ್ಟು ಓದುತ್ತಾ ಹೋದೆ. ಮೇ 26. ಮುಂದಿನದು ಜೂನ್ 30.

"ನಡುವೆ ಏನಾಯಿತು?"

"ಇರಲಿಲ್ಲ. ಮೂರು ಸಲ ಹೋದೆ. ಮುಂದಿನ ವಾರ ಬನ್ನಿ ಎಂದರು. ಮತ್ತೆ ಕೊಟ್ಟ ಮೇಲೆ ಮೊದಲಿನ ಹಾಗೆ ಭಾನುವಾರ ಭಾನುವಾರ ತೆಗೆದುಕೊಂಡೆ."

ಛಾಯಾ ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಹೊಸಬರಂತೆ ಮತ್ತೆ ವಾರಕ್ಕೆ ಎರಡರಿಂದಲೇ ಶುರು ಮಾಡಬೇಕು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕಿಂತ ಮುಖ್ಯ, ಅದು ಜೂನ್. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ, ಗಂಡಂದಿರು ಮನೆಯಲ್ಲಿ. ವರ್ಷದಲ್ಲಿ ಮಾತ್ರೆ ತಪ್ಪಲೇಬಾರದ ತಿಂಗಳು ಎಂದಿದ್ದರೆ ಅದೇ.

ಇದನ್ನು ವಿವರಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಮೀನು ಮೊಟ್ಟೆ ಇಡುವುದಕ್ಕೆ ಸರಕಾರ ಸಮುದ್ರವನ್ನೇ ಬಂದ್ ಮಾಡುತ್ತದೆ ಮೇಡಂ. ನನಗೆ ವಾರಕ್ಕೊಂದು ಮಾತ್ರೆ ಕೊಡಲು ಆಗುವುದಿಲ್ಲವೇ?"

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಧ್ವನಿಯಲ್ಲಿ ಮೊದಲ ಸಲ ಸಿಟ್ಟು ಕೇಳಿಸಿತು. ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ.

ಕೊಟ್ಟ ಸಲಹೆ ಇಷ್ಟು. ಬೇರೆ ವಿಧಾನಗಳನ್ನೂ ವಿವರಿಸಿದೆ: ಗರ್ಭಕೋಶದೊಳಗೆ ಇಡುವ ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಗಂಡನಿಗೆ ಹೊಲಿಗೆಯಿಲ್ಲದ ಸಂತಾನಹರಣ ಚಿಕಿತ್ಸೆ. ಆಪರೇಷನ್ ಮಾಡಿಸಿಕೊ ಎಂದು ಅತ್ತೆ ಒತ್ತಾಯಿಸುತ್ತಿದ್ದರು. ಅವಳ ಮನಸ್ಸು ಇನ್ನೂ ಗಟ್ಟಿಯಾಗಿರಲಿಲ್ಲ, ಗಟ್ಟಿಯಾಗುವ ತನಕ ಕಾಯುವುದು ಅವಳ ಹಕ್ಕು ಎಂದೆ. ಛಾಯಾವನ್ನೇ ವೈದ್ಯರನ್ನು ಕೇಳಿ ಹೊಸದಾಗಿ ಶುರು ಮಾಡಲು, ಒಂದು ಸ್ಟ್ರಿಪ್ ಹೆಚ್ಚಿಗೆ ಇಟ್ಟುಕೊಳ್ಳಲು, ಮನೆಯಲ್ಲಿ ಕಾಂಡೋಮ್ ಇರುವಂತೆ ನೋಡಿಕೊಳ್ಳಲು ಹೇಳಿದೆ. ಕೊನೆಗೆ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಅರ್ಜಿ ಕೊಡುವಂತೆ ಸೂಚಿಸಿದೆ. "ನಿಮ್ಮ ಕಥೆ ಅಲ್ಲಿ ಬೇಡ. ಮಾತ್ರೆ ಇರಲಿಲ್ಲ ಎಂಬುದಷ್ಟೇ ಸಾಕು. ಒಬ್ಬರೇ ಹೋಗಬೇಡಿ." ಬೇಡವೆನಿಸಿದರೆ ಕೊಡದೇ ಇರಬಹುದು ಎಂದೂ ಹೇಳಿದೆ.

ಸಹೋದ್ಯೋಗಿಯ ಆಕ್ಷೇಪ ಇಲ್ಲಿಯೇ. ನನ್ನ ಹೋರಾಟಕ್ಕೆ ಅವಳನ್ನು ಬಳಸಿಕೊಂಡೆನೇ? ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಆದರೆ ಸರಬರಾಜಿನ ತಪ್ಪನ್ನು ಹೆಣ್ಣಿನ ಮನಸ್ಸಿನ ಕಾಯಿಲೆಯೆಂದು ಬರೆದುಕೊಂಡು ಚಿಕಿತ್ಸೆ ಕೊಡುವುದು ಯಾವ ನ್ಯಾಯ? 1952ರಲ್ಲಿಯೇ ರಾಷ್ಟ್ರೀಯ ಕುಟುಂಬ ಯೋಜನೆ ಶುರು ಮಾಡಿದ ದೇಶ ನಮ್ಮದು. ಛಾಯಾ ನಮ್ಮದೇ ಲಕ್ನೋದ ಪ್ರಯೋಗಾಲಯದಲ್ಲಿ ಹುಟ್ಟಿದ ಔಷಧ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಯದು ಆಪರೇಷನ್ನೇ. ಗಂಡಸರ ಆಪರೇಷನ್ನಿನ ಅಂಕಣದಲ್ಲಿ ಸೊನ್ನೆ. ಹೆರಿಗೆಗಳ ನಡುವೆ ಅಂತರ ಬೇಕೆನ್ನುವವಳು ಇಂದಿಗೂ ಈ ಯೋಜನೆಯ ಮಲಮಗಳು. ನಾನು ಕೇಳುವ ಅನುದಾನ ದೊಡ್ಡದೇನಲ್ಲ: ಮಳೆಗಾಲಕ್ಕೆ ಮುಂಚೆ ಪ್ರತಿ ಉಪಕೇಂದ್ರದಲ್ಲಿ ಮೂರು ತಿಂಗಳ ದಾಸ್ತಾನು, ಅದನ್ನು ಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯರಿಗೆ ಸರಿಯಾದ ಸಂಭಾವನೆ.

ಅರ್ಜಿಗೆ ಏಳು ಹೆಂಗಸರು ಸಹಿ ಹಾಕಿದರು. ಆ ವಾರ ಸ್ವಲ್ಪ ನಿದ್ದೆ ಬಂತು ಎಂದು ಜಲಜಾ ಹೇಳಿದಳು. ಅರ್ಜಿಯಿಂದಲೋ, ಮಾತ್ರೆಯ ಲೆಕ್ಕದಲ್ಲಿ ತನ್ನ ತಪ್ಪಿಲ್ಲವೆಂದು ತಿಳಿದದ್ದರಿಂದಲೋ, ನಾನು ಕೆದಕಲಿಲ್ಲ.

ಈ ಮೇ ಕೊನೆಯಲ್ಲಿ ಫೋನ್ ಮಾಡಿದ್ದಳು. ಅವಳಿಗೆ ಎರಡು ಸ್ಟ್ರಿಪ್ ಸಿಕ್ಕಿವೆ. ಪಕ್ಕದ ಮನೆಯವಳಿಗೆ ಮುಂದಿನ ವಾರ ಬರಲು ಹೇಳಿದ್ದಾರಂತೆ. "ಅರ್ಜಿಯ ಪ್ರತಿ ನಿಮ್ಮಲ್ಲಿದೆಯಲ್ಲ ಮೇಡಂ?" ಎಂದು ಕೇಳಿದಳು.